ಕೂಲಿ ಕಾಣದ ಟಪಾಲುಗಾರ: ಹಿಮಪಾದುಕೆಯ ಥಾಂಪ್ಸನ್

ಊರು ಬಿಟ್ಟು ಪರಸ್ಥಳದಲ್ಲಿ ಅನ್ನ ಸಂಪಾದಿಸುವವನಿಗೆ ಟಪಾಲಿನ ಬೆಲೆಯೇನೆಂಬುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಇಂದು ಊರಿನ ಸುದ್ದಿಯು ಕೈಯಲ್ಲಿಯ ಟೆಲಿಫೋನಿಗೆ ಕ್ಷಣಮಾತ್ರದಲ್ಲಿ ಬಂದು ಮುಟ್ಟುತ್ತದೆ, ನಿಜ. ಆದರೆ ಹೋಟೆಲಿನ ಅಟ್ಟದ ಮೇಲೆ, ಚಾಳಿನ ಕೋಣೆಯಲ್ಲಿ, ಮನೆಯಿಂದ ಬಂದ ಒಂದು ಕಾಗದವನ್ನು ನಾಲ್ಕು ಸಲ ಓದಿ, ದಿಂಬಿನ ಕೆಳಗೆ ಇಟ್ಟು ಮಲಗಿದವರು ನಮ್ಮ ಹಿರಿಯ ವಾಚಕರಲ್ಲಿ ಎಷ್ಟೋ ಮಂದಿ ಇದ್ದಾರೆ. ಮನಿಯಾರ್ಡರು ಊರಿಗೆ ಮುಟ್ಟಿತೆಂಬ ರಸೀದಿಯ ಮೇಲೆ ತಾಯಿಯ ಹೆಬ್ಬೆಟ್ಟಿನ ಗುರುತನ್ನು ಕಂಡು ಸಮಾಧಾನಪಟ್ಟವರೂ ಇದ್ದಾರೆ. ಆ ಕಾಗದವನ್ನು, ಆ ರಸೀದಿಯನ್ನು ಹೊತ್ತು ತಂದವನ ಮುಖವನ್ನು ಮಾತ್ರ ನಾವು ಬಹುಶಃ ನೆನಪಿನಲ್ಲಿಟ್ಟುಕೊಂಡಿರಲಾರೆವು.

ಅಂಥ ಒಬ್ಬ ಟಪಾಲುಗಾರನ ಜೀವನವನ್ನು ಇಂದು ವಾಚಕರ ಮುಂದೆ ಇಡುತ್ತಿದ್ದೇವೆ. ಅವನು ನಮ್ಮ ನಾಡಿನವನಲ್ಲ. ನಾರ್ವೆ ದೇಶದಲ್ಲಿ ಹುಟ್ಟಿ, ಅಮೆರಿಕೆಯಲ್ಲಿ ಬಾಳಿ, 1876ರಲ್ಲಿ ಮಡಿದವನು. ಮನುಷ್ಯರು ಕಾಲಿಡಲಂಜುವ ಹಿಮದ ಮಲೆಯನ್ನು ದಾಟಿ, ಚಳಿಗಾಲದ ಮೇಲೆ ಚಳಿಗಾಲ, ಪರರ ಕಾಗದಗಳನ್ನು ಬೆನ್ನ ಮೇಲೆ ಹೊತ್ತವನು. ಅವನ ಸಾಹಸವನ್ನು ಹೊಗಳಿದವರು ಅಸಂಖ್ಯ ಮಂದಿ. ಅವನ ದುಡಿಮೆಯ ಹಣವನ್ನು ಕೊಡಲು ಮುಂದೆ ಬಂದವರು ಮಾತ್ರ ಯಾರೂ ಇಲ್ಲ.

ವಲಸೆ ಬಂದ ಹುಡುಗ

ನಾರ್ವೆಯ ಟೆಲಿಮಾರ್ಕ್ ಪ್ರಾಂತದಲ್ಲಿ ಟಿನ್ ಎಂಬ ಬೆಟ್ಟದ ಸೀಮೆಯುಂಟು. ಅಲ್ಲಿಯ ಒಂದು ರೈತ ಕುಟುಂಬದಲ್ಲಿ 1827ನೆಯ ಇಸವಿ ಏಪ್ರಿಲ್ 30ರಂದು ಯೋನ್ ಟೋರ್‌ಸ್ಟೈನ್‌ಸನ್ ರೂಯೆ ಎಂಬ ಹುಡುಗನು ಜನಿಸಿದನು. ಆ ಸೀಮೆಯಲ್ಲಿ ಚಳಿಗಾಲವು ಬಹು ದೀರ್ಘ. ಹೊಲ, ದಾರಿ, ಬೇಲಿ ಎಲ್ಲವೂ ಹಿಮದಡಿಯಲ್ಲಿ ಮುಚ್ಚಿಹೋಗುತ್ತವೆ. ಬರಿಯ ಕಾಲಿನಿಂದ ನಡೆದರೆ ಸೊಂಟದವರೆಗೆ ಹುಗಿದುಹೋಗಬೇಕು. ಆದುದರಿಂದ ಅಲ್ಲಿಯ ಜನರು ಉದ್ದವಾದ ಎರಡು ಮರದ ಹಲಗೆಗಳನ್ನು ತೆಳುವಾಗಿ ಕೆತ್ತಿ, ಮುಂದಿನ ತುದಿಯನ್ನು ಮೇಲಕ್ಕೆ ಬಾಗಿಸಿ, ಅಡಿಗಾಲಿಗೆ ಕಟ್ಟಿಕೊಂಡು ಹಿಮದ ಮೇಲೆ ಜಾರುತ್ತ ಹೋಗುವುದನ್ನು ಪೂರ್ವಕಾಲದಿಂದಲೂ ಬಲ್ಲರು. ಈ ಹಲಗೆಗಳಿಗೆ ಸ್ಕೀ ಎಂದು ಹೆಸರು. ನಮ್ಮ ಕರಾವಳಿಯ ಮಕ್ಕಳು ಈಜು ಕಲಿಯುವಂತೆ ಅಲ್ಲಿಯ ಮಕ್ಕಳು ಸ್ಕೀ ಕಲಿಯುತ್ತಾರೆ.

ಹುಡುಗನು ಚಿಕ್ಕವನಿರುವಾಗಲೇ ತಂದೆ ತೀರಿಕೊಂಡನು. 1837ರಲ್ಲಿ, ಅವನಿಗೆ ಹತ್ತು ವರ್ಷ ತುಂಬಿದಾಗ, ಕುಟುಂಬವು ಹಡಗು ಹತ್ತಿ ಅಮೆರಿಕೆಗೆ ಬಂದಿತು. ಮೊದಲು ಇಲಿನಾಯ್, ಆ ಮೇಲೆ ಮಿಸೌರಿ, ಅಲ್ಲಿಂದ ಅಯೋವಾ, ವಿಸ್ಕಾನ್ಸಿನ್ ಎಂದು, ಭೂಮಿಯನ್ನು ಅರಸುತ್ತ ಅಲೆದಾಟವಾಯಿತು. ಹೊಸ ದೇಶದಲ್ಲಿ ಹಳೆಯ ಹೆಸರು ಯಾರ ಬಾಯಲ್ಲಿಯೂ ಸರಿಯಾಗಿ ತಿರುಗಲಿಲ್ಲ. ಯೋನ್ ಹೋಗಿ ಜಾನ್ ಥಾಂಪ್ಸನ್ ಆದನು. ಪರಸ್ಥಳಕ್ಕೆ ಬಂದವನ ಹೆಸರನ್ನು ಅಲ್ಲಿಯವರು ತಮಗೆ ಬೇಕಾದಂತೆ ತಿದ್ದಿಕೊಳ್ಳುವುದು ನಮ್ಮವರಿಗೂ ಹೊಸ ಅನುಭವವಲ್ಲ.

1848ರಲ್ಲಿ ಕ್ಯಾಲಿಫೋರ್ನಿಯದ ಹೊಳೆಯ ಮರಳಿನಲ್ಲಿ ಚಿನ್ನ ಸಿಕ್ಕಿತೆಂಬ ಸುದ್ದಿ ಹಬ್ಬಿತಷ್ಟೆ. ಲೋಕದ ನಾಲ್ಕು ಮೂಲೆಗಳಿಂದ ಜನರು ಅಲ್ಲಿಗೆ ಧಾವಿಸಿದರು. ಥಾಂಪ್ಸನ್ನನೂ 1851ರಲ್ಲಿ, ತನ್ನ 24ನೆಯ ವಯಸ್ಸಿನಲ್ಲಿ, ಹಾಲು ಕರೆಯುವ ಹಸುಗಳ ಒಂದು ಮಂದೆಯನ್ನು ಹೊಡೆದುಕೊಂಡು, ಬಯಲುಗಳನ್ನೂ ಮಲೆಗಳನ್ನೂ ದಾಟಿ, ಇಂದು ಪ್ಲಾಸರ್‌ವಿಲ್ ಎಂದು ಕರೆಯಲ್ಪಡುವ ಗಣಿಯೂರಿಗೆ ಬಂದನು. ಕೆಲವು ಕಾಲ ಹೊಳೆಯ ಮಣ್ಣನ್ನು ತೊಳೆದನು. ಚಿನ್ನವು ಎಲ್ಲರ ಹಣೆಯಲ್ಲಿ ಬರೆದಿರುವುದಿಲ್ಲ. ಕೂಡಿದ ಅಲ್ಪ ಹಣದಿಂದ ಸ್ಯಾಕ್ರಮೆಂಟೊ ಕಣಿವೆಯ ಪ್ಯೂಟಾ ಹಳ್ಳದ ದಡದಲ್ಲಿ ಸ್ವಲ್ಪ ಭೂಮಿಯನ್ನು ಕೊಂಡು ಬೇಸಾಯಕ್ಕೆ ನಿಂತನು.

ಕಾಗದಕ್ಕೆ ಕಾದಿರುವ ಜನ

ಈಗ ಆ ಕಾಲದ ಟಪಾಲಿನ ಸ್ಥಿತಿಯನ್ನು ತುಸು ವಿವರಿಸುವುದು ಅವಶ್ಯ.

ಚಿನ್ನದ ಆಸೆಗೆ ಬಂದ ಸಹಸ್ರಾರು ಜನರು ಕಾಡಿನಲ್ಲಿ, ಹೊಳೆಯ ದಡದಲ್ಲಿ, ಡೇರೆಗಳಲ್ಲಿ ಚದರಿಹೋಗಿದ್ದರು. ಸರಕಾರದ ಟಪಾಲು ಪನಾಮಾ ಮಾರ್ಗವಾಗಿ ಹಡಗಿನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊ ಪಟ್ಟಣಕ್ಕೆ ಬರುತ್ತಿತ್ತು. ಅಲ್ಲಿಂದ ಮುಂದೆ ಗಣಿಗಾರನ ಡೇರೆಯ ತನಕ ಅದನ್ನು ಮುಟ್ಟಿಸುವ ವ್ಯವಸ್ಥೆ ಬಹುತೇಕ ಇರಲಿಲ್ಲ. ಈ ಕೊರತೆಯನ್ನು ತುಂಬಿದವರು ಖಾಸಗಿ ಟಪಾಲುಗಾರರು. ಗಣಿಗಾರರ ಹೆಸರುಗಳನ್ನು ಪಟ್ಟಿ ಮಾಡಿಕೊಂಡು, ಪಟ್ಟಣದ ಟಪಾಲು ಕಚೇರಿಯಲ್ಲಿ ಅವರ ಪರವಾಗಿ ಸಾಲಿನಲ್ಲಿ ನಿಂತು, ಕಾಗದವಿದ್ದರೆ ದೋಣಿಯಲ್ಲಿಯೋ ಹೇಸರಗತ್ತೆಯ ಮೇಲೆಯೋ ಹೊತ್ತು ತಂದು ಕೊಡುತ್ತಿದ್ದರು. ಮೊದಮೊದಲು ಒಂದು ಕಾಗದಕ್ಕೆ ಒಂದು ಔನ್ಸ್ ಚಿನ್ನದ ಪುಡಿಯನ್ನು ಕೇಳಿದವರೂ ಇದ್ದರು. ಕೊಟ್ಟವರೂ ಇದ್ದರು. ವರ್ಷಗಟ್ಟಲೆ ಹೆಂಡತಿಮಕ್ಕಳ ಸುದ್ದಿಯಿಲ್ಲದವನು ಚಿನ್ನವನ್ನು ತೂಗಿ ನೋಡುತ್ತ ಕೂಡ್ರುವನೇ? ಮುಂದೆ ಈ ಕಸುಬಿನಲ್ಲಿ ದೊಡ್ಡ ಕಂಪನಿಗಳೇ ಹುಟ್ಟಿದವು. 1852ರಲ್ಲಿ ಸ್ಥಾಪಿತವಾದ ವೆಲ್ಸ್ ಫಾರ್ಗೋ ಕಂಪನಿಯು ಗಣಿಯೂರುಗಳಲ್ಲಿ ಸರಕಾರದ ಟಪಾಲಿಗಿಂತ ಹೆಚ್ಚು ವಿಶ್ವಾಸವನ್ನು ಗಳಿಸಿತು.

ಆದರೆ ಕಂಪನಿಗಳು ಲಾಭವಿರುವ ಕಡೆಗೆ ಹೋಗುವವು. ಕ್ಯಾಲಿಫೋರ್ನಿಯದ ಪೂರ್ವ ಗಡಿಯಲ್ಲಿ ಸಿಯೆರಾ ನೆವಾಡಾ ಎಂಬ ಮಹಾಪರ್ವತಶ್ರೇಣಿಯು ಅಡ್ಡಗೋಡೆಯಂತೆ ನಿಂತಿದೆ. ಅದರ ಕಣಿವೆದಾರಿಗಳೇ 7,000 ಅಡಿಗಳಿಗಿಂತ ಎತ್ತರವಾಗಿವೆ. ಅದರ ಆಚೆಯ ಮಗ್ಗುಲಿನಲ್ಲಿ ಕಾರ್ಸನ್ ಕಣಿವೆ. ಅನಾದಿಯಿಂದ ವಾಶೋ ಎಂಬ ಮೂಲನಿವಾಸಿಗಳು ಬಾಳಿದ ಆ ನೆಲದಲ್ಲಿ, 1851ರ ಸುಮಾರಿಗೆ ವಲಸೆಗಾರರ ಒಂದು ಸಣ್ಣ ಊರು ಎದ್ದಿತು. ಮೊದಲು ಅದಕ್ಕೆ ಮಾರ್ಮನ್ ಸ್ಟೇಷನ್ ಎಂದೂ, ಆ ಮೇಲೆ ಜೆನೋವಾ ಎಂದೂ ಹೆಸರಾಯಿತು. ಅವರ ಸರಕಾರದ ರಾಜಧಾನಿಯು ಪೂರ್ವಕ್ಕೆ ನೂರಾರು ಮೈಲು ಮರುಭೂಮಿಯ ಆಚೆ, ಸಾಲ್ಟ್‌ಲೇಕ್ ಪಟ್ಟಣದಲ್ಲಿ. ಪಶ್ಚಿಮಕ್ಕೆ ಹಿಮದ ಗೋಡೆ. ಚಳಿಗಾಲ ಬಂದಿತೆಂದರೆ ಈ ಜನರು ಲೋಕದ ಪಾಲಿಗೆ ಇಲ್ಲದವರೇ ಆಗಿಬಿಡುತ್ತಿದ್ದರು.

ಆ ಪರ್ವತದ ಭಯವು ಸುಮ್ಮನೆ ಹುಟ್ಟಿದುದಲ್ಲ. 1846ರ ಚಳಿಗಾಲದಲ್ಲಿ ಡಾನರ್ ಎಂಬವನ ತಂಡದ 80ಕ್ಕೂ ಹೆಚ್ಚು ಜನರು ಅಲ್ಲಿ ಹಿಮದಲ್ಲಿ ಸಿಕ್ಕಿಬಿದ್ದು, ಅವರಲ್ಲಿ ಸುಮಾರು ಅರ್ಧದಷ್ಟು ಜನರು ಹಸಿವಿನಿಂದಲೂ ಚಳಿಯಿಂದಲೂ ಸತ್ತಿದ್ದರು. 1851ರಲ್ಲಿ ಚಾರ್ಪೆನಿಂಗ್ ಮತ್ತು ವುಡ್‌ವರ್ಡ್ ಎಂಬ ಇಬ್ಬರು ಪಾಲುಗಾರರು ಸ್ಯಾಕ್ರಮೆಂಟೊದಿಂದ ಸಾಲ್ಟ್‌ಲೇಕಿಗೆ ಟಪಾಲು ಒಯ್ಯುವ ಸರಕಾರಿ ಗುತ್ತಿಗೆಯನ್ನು ಹಿಡಿದಿದ್ದರು. ಮೊದಲ ವರ್ಷವೇ ವುಡ್‌ವರ್ಡನು ದಾರಿಯಲ್ಲಿ ಕೊಲ್ಲಲ್ಪಟ್ಟನು. ಹೇಸರಗತ್ತೆಗಳು ಹಿಮದಲ್ಲಿ ಹೂತು ಸತ್ತವು. ಕಡೆಗೆ ಆ ಟಪಾಲು ಸಿಯೆರಾದ ಸಹವಾಸವೇ ಬೇಡವೆಂದು ದಕ್ಷಿಣದ ಬಳಸುದಾರಿಯನ್ನು ಹಿಡಿಯಿತು. ಕಾರ್ಸನ್ ಕಣಿವೆಯ ಜನರು ನಡುವೆ ಉಳಿದರು.

ಓಕ್ ಮರದ ಪಾದುಕೆಗಳು

1855ರ ಕೊನೆಯಲ್ಲಿ ಸ್ಯಾಕ್ರಮೆಂಟೊದ ವೃತ್ತಪತ್ರಿಕೆಯೊಂದರಲ್ಲಿ, ಪರ್ವತದಾಚೆಗೆ ಟಪಾಲು ಒಯ್ಯುವವರು ಬೇಕಾಗಿದ್ದಾರೆಂಬ ಪ್ರಕಟಣೆ ಥಾಂಪ್ಸನ್ನನ ಕಣ್ಣಿಗೆ ಬಿದ್ದಿತೆಂದು ಹೇಳುತ್ತಾರೆ. ಹತ್ತು ವರ್ಷದವನಿರುವಾಗ ಬಿಟ್ಟು ಬಂದ ಊರಿನ ಹಿಮವು ಅವನ ನೆನಪಿಗೆ ಬಂದಿರಬೇಕು. ಸೌದೆ ಕಡಿಯುತ್ತಿದ್ದ ಕೊಡಲಿಯಿಂದಲೇ ಓಕ್ ಮರವನ್ನು ಸೀಳಿ ಎರಡು ಹಲಗೆಗಳನ್ನು ಸಿದ್ಧಪಡಿಸಿದನು. ಒಂದೊಂದೂ ಸುಮಾರು 10 ಅಡಿ ಉದ್ದ. ಎರಡೂ ಕೂಡಿ 25 ಪೌಂಡು ಭಾರ. ಪ್ಲಾಸರ್‌ವಿಲ್ಲಿನ ಜನರು ಅಂಥ ಪಾದುಕೆಗಳನ್ನು ಕಂಡವರಲ್ಲ. ಹಗ್ಗದ ಬಲೆ ಹೆಣೆದ ಅಗಲವಾದ ಹಿಮಪಾದುಕೆಗಳನ್ನು ಮಾತ್ರ ಅವರು ಅರಿತಿದ್ದರು. ಆದುದರಿಂದ ಸ್ಕೀಗೂ ಅದೇ ಹೆಸರನ್ನು ಕೊಟ್ಟು, ಅವನನ್ನು ಹಿಮಪಾದುಕೆಯ ಥಾಂಪ್ಸನ್ನನೆಂದು ಕರೆಯತೊಡಗಿದರು. ಆ ಹೆಸರೇ ಶಾಶ್ವತವಾಗಿ ನಿಂತಿತು.

1856ರ ಜನವರಿ ತಿಂಗಳ ಆರಂಭದಲ್ಲಿ ಅವನು ಪ್ಲಾಸರ್‌ವಿಲ್ಲಿನಿಂದ ಹೊರಟನು. ಮರಳಿ ಬರುವನೆಂದು ನಂಬಿದವರು ಕಡಮೆ. ಐದು ದಿನಗಳ ಮೇಲೆ ಜೆನೋವಾದ ಟಪಾಲನ್ನು ಹೊತ್ತು ಅವನು ಅದೇ ಬೀದಿಯಲ್ಲಿ ಬಂದು ನಿಂತನು.

ಹೋಗುವಾಗ ಮೂರು ದಿನ, ಬರುವಾಗ ಎರಡು ದಿನ. ಒಂದು ದಾರಿ 90 ಮೈಲು. ಹೆಚ್ಚು ಕಡಮೆ ಮುಂಬಯಿಯಿಂದ ಪುಣೆಗೆ ಹೋಗುವ ರಸ್ತೆಯಷ್ಟು ದೂರ. ಬೆನ್ನ ಮೇಲಿನ ಚೀಲವು 60ರಿಂದ 100 ಪೌಂಡಿನವರೆಗೆ ತೂಗುತ್ತಿತ್ತು. ಅಕ್ಕಿಯ ಮೂಟೆಯನ್ನು ಹೆಗಲಿಗೇರಿಸಿ ಅಡಿಗೆಮನೆಯ ಮೆಟ್ಟಿಲು ಹತ್ತಿದವರಿಗೆ ಆ ಭಾರ ಎಂಥದೆಂದು ಗೊತ್ತು. ಆ ಭಾರವನ್ನು ಹೊತ್ತು ಆಳೆತ್ತರದ ಹಿಮದ ಮೇಲೆ ಪರ್ವತವನ್ನು ಹತ್ತಿ ಇಳಿಯುವುದೆಂದರೇನೆಂದು ವಾಚಕರೇ ಊಹಿಸಿಕೊಳ್ಳಬೇಕು.

ಮಲೆಯಲ್ಲಿಯ ಇರುಳು

ಅವನ ಪ್ರವಾಸದ ಕ್ರಮವೇ ಒಂದು ವಿಚಿತ್ರ. ಕಂಬಳಿಯನ್ನು ಒಯ್ಯುತ್ತಿರಲಿಲ್ಲ; ಬಂದೂಕವನ್ನು ಒಯ್ಯುತ್ತಿರಲಿಲ್ಲ. ಅವುಗಳ ಭಾರದಷ್ಟು ಕಾಗದಗಳನ್ನು ಹೆಚ್ಚಾಗಿ ಹೊರಬಹುದಲ್ಲವೇ? ಒಂದು ದಪ್ಪ ಉಣ್ಣೆಯ ಅಂಗಿ, ಅಗಲ ಅಂಚಿನ ಟೊಪ್ಪಿಗೆ, ಜೇಬಿನಲ್ಲಿ ಒಣಗಿಸಿದ ಮಾಂಸ ಮತ್ತು ಗಟ್ಟಿ ಬಿಸ್ಕತ್ತು. ಬಾಯಾರಿದರೆ ಹಿಮ. ಬಿಸಿಲು ಬಿದ್ದ ಹಿಮದ ಬಿಳುಪು ಕಣ್ಣನ್ನು ಕುರುಡು ಮಾಡುವುದರಿಂದ ಮುಖಕ್ಕೆ ಇದ್ದಲಿನ ಮಸಿಯನ್ನು ಬಳಿದುಕೊಳ್ಳುತ್ತಿದ್ದನು. ಕೈಯಲ್ಲಿ ಒಂದೇ ಒಂದು ಉದ್ದನೆಯ ಕೋಲು. ದೊಂಬರಾಟದವನು ಹಗ್ಗದ ಮೇಲೆ ನಡೆಯುವಾಗ ಹಿಡಿಯುವಂತೆ ಅದನ್ನು ಅಡ್ಡವಾಗಿ ಹಿಡಿದು, ಇಳಿಜಾರಿನಲ್ಲಿ ಹಕ್ಕಿಯಂತೆ ತೇಲಿ ಬರುತ್ತಿದ್ದನೆಂದು ಕಂಡವರು ವರ್ಣಿಸಿದ್ದಾರೆ.

ದಿಕ್ಸೂಚಿಯನ್ನು ಅವನು ಇಟ್ಟುಕೊಳ್ಳಲಿಲ್ಲ. ಹಗಲಿನಲ್ಲಿ ಬಂಡೆಯ ಆಕಾರ, ಮರದ ಓಲಿಕೆ, ಹಳ್ಳದ ಹರಿವು, ಇರುಳಿನಲ್ಲಿ ನಕ್ಷತ್ರ. ದಾರಿ ತಪ್ಪಿದನೆಂಬ ಮಾತು ಅವನ ವಿಷಯದಲ್ಲಿ ಕೇಳಿಬಂದಿಲ್ಲ. ಕತ್ತಲಾದ ಮೇಲೆ ಒಣಗಿ ನಿಂತ ಪೈನ್ ಮರದ ಬೊಡ್ಡೆಯನ್ನು ಹುಡುಕಿ ಅದಕ್ಕೆ ಬೆಂಕಿಯಿಕ್ಕಿ, ಹಸಿರು ಕೊಂಬೆಗಳನ್ನು ಹಿಮದ ಮೇಲೆ ಹಾಸಿ, ಕಾಲನ್ನು ಬೆಂಕಿಯ ಕಡೆಗೆ ಚಾಚಿ, ಟಪಾಲಿನ ಚೀಲವನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದನು.

ಬಿರುಗಾಳಿಯ ಇರುಳಿನಲ್ಲಿ ಬೆಂಕಿ ನಿಲ್ಲುತ್ತಿರಲಿಲ್ಲ. ಮಲಗಿದರೆ ಮರಣ. ಆಗ ಅವನು ಗಾಳಿಯು ಹಿಮವನ್ನು ಗುಡಿಸಿಹಾಕಿದ ಒಂದು ಚಪ್ಪಟೆ ಬಂಡೆಯನ್ನು ಹುಡುಕಿ, ಅದರ ಮೇಲೆ ನಿಂತು, ತಾನು ಹುಡುಗನಾಗಿದ್ದಾಗ ನಾರ್ವೆಯಲ್ಲಿ ಕಲಿತ ಊರ ಕುಣಿತವನ್ನು ಬೆಳಗಾಗುವ ತನಕ ಕುಣಿಯುತ್ತಿದ್ದನಂತೆ. ನೋಡುವವರಿಲ್ಲ, ತಾಳ ಹಾಕುವವರಿಲ್ಲ. ಮೈಯಲ್ಲಿಯ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದಷ್ಟೇ ಗುರಿ. ಬಿಟ್ಟು ಬಂದ ತಾಯ್ನಾಡು ಅವನ ಜೀವವನ್ನು ಎರಡು ಸಲ ಕಾಯಿತೆನ್ನಬೇಕು: ಒಮ್ಮೆ ಸ್ಕೀಯಾಗಿ, ಒಮ್ಮೆ ಕುಣಿತವಾಗಿ.

ಜೆನೋವಾದ ಜನರು ಅವನು ಬರುವ ದಿನವನ್ನು ಎಣಿಸುತ್ತಿದ್ದರು. ಚಳಿಗಾಲದಲ್ಲಿ ತಿಂಗಳಿಗೆ ಎರಡರಿಂದ ನಾಲ್ಕು ಸಲ ಅವನು ಬರುತ್ತಿದ್ದನೆಂದು ಲೆಕ್ಕ. ಕಾಗದಗಳ ಸಂಗಡ ಔಷಧಿ, ಸೂಜಿ, ದೀಪದ ಗಾಜು, ಬಟ್ಟೆ ಮುಂತಾಗಿ ಬಡವರು ಹೇಳಿಕಳಿಸಿದ ಸಣ್ಣಪುಟ್ಟ ಸಾಮಾನುಗಳನ್ನೂ ತಂದು ಕೊಡುತ್ತಿದ್ದನು.

ಸಿಸ್ಸನ್ನನ ಪ್ರಾಣ

1856ರ ಡಿಸೆಂಬರಿನ ಕೊನೆಯ ವಾರ. ಥಾಂಪ್ಸನ್ನನು ಟಪಾಲು ಹೊತ್ತು ಪೂರ್ವಕ್ಕೆ ಹೋಗುತ್ತಿದ್ದನು. ಟಾಹೋ ಸರೋವರದ ದಕ್ಷಿಣಕ್ಕಿರುವ ಲೇಕ್ ವ್ಯಾಲಿ ಎಂಬಲ್ಲಿ, ಜನರು ಬಿಟ್ಟುಹೋದ ಒಂದು ಗುಡಿಸಲಿನೊಳಗಿಂದ ನರಳುವ ಸದ್ದು ಕೇಳಿಸಿತು. ಒಳಗೆ ಹೋಗಿ ನೋಡಿದರೆ ಜೇಮ್ಸ್ ಸಿಸ್ಸನ್ ಎಂಬವನು ಬಿದ್ದಿದ್ದನು. ಹನ್ನೆರಡು ದಿನಗಳಿಂದ ಅವನು ಅಲ್ಲಿಯೇ ಇದ್ದನು. ಹಸಿ ಹಿಟ್ಟೇ ಆಹಾರ. ಮೊದಲ ದಿನಗಳಲ್ಲಿ ಬೆಂಕಿಯೂ ಇರಲಿಲ್ಲ. ಎರಡೂ ಪಾದಗಳು ಚಳಿಗೆ ಸತ್ತು ಕಪ್ಪಾಗಿದ್ದವು. ಮರುದಿನ ಕೊಡಲಿಯಿಂದ ತನ್ನ ಕಾಲುಗಳನ್ನು ತಾನೇ ಕಡಿದುಕೊಳ್ಳಬೇಕೆಂದು ಅವನು ನಿಶ್ಚಯಿಸಿಕೊಂಡಿದ್ದನು.

ಥಾಂಪ್ಸನ್ನನು ಅವನಿಗೆ ಸೌದೆ ಕಡಿದು ಕೊಟ್ಟು, ಧೈರ್ಯ ಹೇಳಿ, ನೇರವಾಗಿ ಜೆನೋವಾಕ್ಕೆ ಧಾವಿಸಿದನು. ಅಲ್ಲಿ ಕೆಲವು ಜನರನ್ನು ಕೂಡಿಸಿ, ಅವರಿಗಾಗಿ ಸ್ಕೀಗಳನ್ನು ಮಾಡಿಸಿ, ಒಂದು ಜಾರುಬಂಡಿಯನ್ನು ಕಟ್ಟಿಸಿ ಮತ್ತೆ ಪರ್ವತವನ್ನು ಹತ್ತಿದನು. ಸಂಗಡ ಬಂದವರಿಗೆ ಸ್ಕೀಯ ಅಭ್ಯಾಸವಿರಲಿಲ್ಲ, ಬಿದ್ದರು, ಎದ್ದರು. ಅಂತೂ ರೋಗಿಯನ್ನು ಊರಿಗೆ ಎಳೆದು ತಂದರು. ಊರಿನ ಡಾಕ್ಟರನು ಪಾದಗಳನ್ನು ಕತ್ತರಿಸಿದರೆ ಮಾತ್ರ ಜೀವ ಉಳಿದೀತೆಂದನು. ಆದರೆ ನೋವು ತಿಳಿಯದಂತೆ ಮಾಡುವ ಕ್ಲೋರೋಫಾರಂ ಔಷಧಿ ಊರಿನಲ್ಲಿ ಇರಲಿಲ್ಲ. ಥಾಂಪ್ಸನ್ನನು ಮತ್ತೊಮ್ಮೆ ಪರ್ವತವನ್ನು ದಾಟಿದನು. ಪ್ಲಾಸರ್‌ವಿಲ್ಲಿನಲ್ಲಿ ಔಷಧಿ ಸಿಗದೆ ಸ್ಯಾಕ್ರಮೆಂಟೊ ತನಕ ಹೋಗಿ ತಂದನು. ಶಸ್ತ್ರಚಿಕಿತ್ಸೆಯಾಯಿತು. ಸಿಸ್ಸನ್ನನು ಬದುಕಿದನು.

ಟಪಾಲುಗಾರನ ಕರ್ತವ್ಯದಲ್ಲಿ ಇದು ಸೇರಿದ್ದಲ್ಲ. ಯಾರೂ ಆಜ್ಞೆ ಮಾಡಿರಲಿಲ್ಲ. ಯಾರೂ ಕೂಲಿಯನ್ನು ನಿಗದಿ ಮಾಡಿರಲಿಲ್ಲ. ಈ ಒಂದು ಪ್ರಸಂಗದಿಂದಲೇ ಮನುಷ್ಯನ ಗುಣವು ತಿಳಿಯುತ್ತದೆ. ಅವನು ಹಣವಿಲ್ಲದೆ ಯಾಕೆ ದುಡಿದನೆಂಬ ಪ್ರಶ್ನೆಗೂ ಬಹುಶಃ ಇಲ್ಲಿಯೇ ಉತ್ತರವಿದೆ.

ಊರು ಬೆಳೆಯಿತು

1858ರ ಡಿಸೆಂಬರಿನಲ್ಲಿ ಜೆನೋವಾದಲ್ಲಿ ಟೆರಿಟೋರಿಯಲ್ ಎಂಟರ್‌ಪ್ರೈಸ್ ಎಂಬ ವೃತ್ತಪತ್ರಿಕೆ ಆರಂಭವಾಯಿತು. ಅದರ ಅಚ್ಚಿನ ಮೊಳೆಗಳನ್ನೂ ಕಾಗದವನ್ನೂ ಥಾಂಪ್ಸನ್ನನು ಬೆನ್ನ ಮೇಲೆ ಹೊತ್ತು ತಂದನೆಂದು ಹೇಳುವುದುಂಟು. ಸೀಸದ ಮೊಳೆಗಳ ಭಾರವನ್ನು ಪತ್ರಿಕೆ ನಡೆಸುವವರು ಚೆನ್ನಾಗಿ ಬಲ್ಲರು. 1859ರಲ್ಲಿ ಆ ಸೀಮೆಯ ಬೆಟ್ಟದಲ್ಲಿ ಚಿನ್ನ ತೊಳೆಯುತ್ತಿದ್ದವರಿಗೆ ಒಂದು ಬಗೆಯ ನೀಲಿ ಬಣ್ಣದ ಭಾರವಾದ ಮಣ್ಣು ಅಡ್ಡ ಬರುತ್ತಿತ್ತು. ಅದರ ಮಾದರಿಯನ್ನು ಪರೀಕ್ಷೆಗಾಗಿ ಕ್ಯಾಲಿಫೋರ್ನಿಯಕ್ಕೆ ಒಯ್ದವರಲ್ಲಿ ಅವನೂ ಒಬ್ಬನೆಂದು ಪ್ರತೀತಿ. ಪರೀಕ್ಷೆಯಲ್ಲಿ ಅದು ಬೆಳ್ಳಿಯೆಂದು ತಿಳಿದುಬಂದಿತು. ಕಾಮ್‌ಸ್ಟಾಕ್ ಎಂದು ಲೋಕಪ್ರಸಿದ್ಧವಾದ ಬೆಳ್ಳಿಯ ಗಣಿಯು ಅದೇ. ಕಣಿವೆಯ ಕಡೆಗೆ ಜನರ ಪ್ರವಾಹವೇ ಹರಿದು, 1861ರಲ್ಲಿ ನೆವಾಡಾ ಪ್ರತ್ಯೇಕ ಪ್ರಾಂತವಾಗಿ, 1864ರಲ್ಲಿ ರಾಜ್ಯವೇ ಆಯಿತು. ಬೆಳ್ಳಿಯಿಂದ ಎಷ್ಟೋ ಜನರು ಕೋಟ್ಯಧೀಶರಾದರು. ಮಾದರಿಯನ್ನು ಹೊತ್ತವನು ಹೊರುವವನಾಗಿಯೇ ಉಳಿದನು.

ಟಪಾಲಿನ ವ್ಯವಸ್ಥೆಯೂ ಬದಲಾಯಿತು. ಬೇಸಗೆಯಲ್ಲಿ ಕುದುರೆಯ ಸಾರೋಟುಗಳು ಓಡತೊಡಗಿದವು. 1860ರ ಏಪ್ರಿಲಿನಲ್ಲಿ ಪೋನಿ ಎಕ್ಸ್‌ಪ್ರೆಸ್ ಎಂಬ ಖಾಸಗಿ ಕುದುರೆ ಟಪಾಲು ಅದೇ ದಾರಿಯಲ್ಲಿ ಧೂಳೆಬ್ಬಿಸಿತು. ಅರ್ಧ ಔನ್ಸ್ ತೂಕದ ಕಾಗದಕ್ಕೆ ಮೊದಲು 5 ಡಾಲರು ದರ. ಅದರ ಕೀರ್ತಿಯು ಜಗತ್ತಿನಲ್ಲೆಲ್ಲ ಹಬ್ಬಿದೆ. ಆದರೆ ಅದು ನಡೆದದ್ದು ಒಂದೂವರೆ ವರ್ಷ ಮಾತ್ರ. 1861ರ ಅಕ್ಟೋಬರಿನಲ್ಲಿ ತಂತಿಯು ದೇಶದ ಎರಡು ತುದಿಗಳನ್ನು ಕೂಡಿಸಿದೊಡನೆ ಕಂಪನಿಯು ದೊಡ್ಡ ನಷ್ಟದಿಂದ ಮುಚ್ಚಿಹೋಯಿತು. 1869ರ ಮೇ ತಿಂಗಳಿನಲ್ಲಿ ರೈಲುದಾರಿಯೂ ಪೂರ್ತಿಯಾಯಿತು. ಇಷ್ಟೆಲ್ಲ ಆದರೂ ರೈಲು ಮುಟ್ಟದ ಮಲೆಯೂರುಗಳು ಉಳಿದಿದ್ದವು. ಹಿಮ ಬಿದ್ದು ಬಂಡಿಗಳು ನಿಂತಾಗ ಜನರು ಥಾಂಪ್ಸನ್ನನ ದಾರಿಯನ್ನೇ ನೋಡಬೇಕಾಗಿತ್ತು. ಅವನು ಇಪ್ಪತ್ತು ಚಳಿಗಾಲ ಟಪಾಲು ಹೊತ್ತನೆಂದು ಹೇಳುವ ವಾಡಿಕೆಯಿದೆ. ಎಲ್ಲ ವರ್ಷಗಳಲ್ಲಿಯೂ ಒಂದೇ ದಾರಿಯಲ್ಲಿ, ಒಂದೇ ಸಮನೆ ನಡೆದನೆಂದು ಇದರ ಅರ್ಥವಲ್ಲ.

ಈ ನಡುವೆ ಅವನು ಕ್ಯಾಲಿಫೋರ್ನಿಯದ ಆಲ್ಪೈನ್ ಜಿಲ್ಲೆಯ ಡೈಮಂಡ್ ವ್ಯಾಲಿಯಲ್ಲಿ 160 ಎಕರೆ ಭೂಮಿಯನ್ನು ಪಡೆದು ಬೇಸಾಯ ಮಾಡಿದನು. 1866ರಲ್ಲಿ ಆಗ್ನೆಸ್ ಸಿಂಗಲ್ಟನ್ ಎಂಬ ಇಂಗ್ಲೆಂಡ್ ಮೂಲದ ಹೆಣ್ಣುಮಗಳನ್ನು ಮದುವೆಯಾದನು. ಮರುವರ್ಷ ಆರ್ಥರ್ ಎಂಬ ಮಗನು ಹುಟ್ಟಿದನು. ಜಿಲ್ಲೆಯ ಜನರು 1868ರಿಂದ 1872ರವರೆಗೆ ಅವನನ್ನು ತಮ್ಮ ಜಿಲ್ಲಾ ಮಂಡಳಿಯ ಸದಸ್ಯನನ್ನಾಗಿ ಆರಿಸಿದ್ದರು.

ಲೆಕ್ಕದ ಮಾತು

ಕೈ ಕೆಸರಾದರೆ ಬಾಯಿ ಮೊಸರು ಎಂಬುದು ನಮ್ಮ ಗಾದೆ. ಥಾಂಪ್ಸನ್ನನ ವಿಷಯದಲ್ಲಿ ಕೆಸರು ಬಂದಿತು, ಮೊಸರು ಬರಲಿಲ್ಲ.

ಅವನು ದುಡಿಯತೊಡಗಿದಾಗ ಆ ದಾರಿಯ ಟಪಾಲಿಗೆ ಅವನ ಹೆಸರಿನಲ್ಲಿ ಸರಕಾರದ ಗುತ್ತಿಗೆಯ ಪತ್ರವಿರಲಿಲ್ಲ. ಮುಂದೆ ಗುತ್ತಿಗೆದಾರ ಚಾರ್ಪೆನಿಂಗನ ಕೈಕೆಳಗೂ ಕೆಲಕಾಲ ದುಡಿದನೆಂದೂ, ಅಲ್ಲಿಂದಲೂ ಹಣ ಕೈಸೇರಲಿಲ್ಲವೆಂದೂ ಹೇಳುತ್ತಾರೆ. ಟಪಾಲು ಕಚೇರಿಯವರು ಚೀಲವನ್ನು ಕೊಟ್ಟರು, ಅವನು ಹೊತ್ತನು. ಹಣವು ಇಂದು ಬಂದೀತು, ನಾಳೆ ಬಂದೀತೆಂಬ ಮಾತು ನಡೆಯುತ್ತಲೇ ಇತ್ತು. ನಡುವೆ ನಿಲ್ಲಿಸಿಬಿಟ್ಟರೆ ಕಣಿವೆಯ ಜನರಿಗೆ ಕಾಗದವಿಲ್ಲ. ಅವನು ನಿಲ್ಲಿಸಲಿಲ್ಲ.

1869ರಲ್ಲಿ ನೆವಾಡಾ ರಾಜ್ಯದ ಶಾಸನಸಭೆಯು ಅವನ ಪಕ್ಷವನ್ನು ಹಿಡಿದು, ಅವನಿಗೆ 6,000 ಡಾಲರುಗಳನ್ನು ಕೊಡಬೇಕೆಂದು ವಾಷಿಂಗ್ಟನ್ನಿನ ಕಾಂಗ್ರೆಸ್ಸಿಗೆ ಬಿನ್ನಹ ಮಾಡಿಕೊಂಡಿತು. ಇದೇನು ಅತಿಯಾದ ಬೇಡಿಕೆಯೇ? ಆ ಕಾಲದಲ್ಲಿ ಕಾಮ್‌ಸ್ಟಾಕ್ ಗಣಿಯ ಕೂಲಿಗಾರನಿಗೆ ದಿನಕ್ಕೆ 4 ಡಾಲರು ಕೂಲಿ. ಆ ಲೆಕ್ಕದಲ್ಲಿ 6,000 ಡಾಲರೆಂದರೆ 1,500 ದಿನಗಳ ಕೂಲಿ. ನಾಲ್ಕು ವರ್ಷಗಳಿಗಿಂತ ಸ್ವಲ್ಪ ಹೆಚ್ಚು. ಥಾಂಪ್ಸನ್ನನು ಮೊದಲ ಪ್ರಯಾಣ ಮಾಡಿ ಆಗಲೇ ಹದಿಮೂರು ವರ್ಷಗಳು ಸಂದಿದ್ದವು.

ಬಿನ್ನಹವು ವಾಷಿಂಗ್ಟನ್ನಿನ ಕಡತಗಳಲ್ಲಿ ಮಲಗಿತು. 1872ರಲ್ಲಿ ಅವನು ತಾನೇ ಹೋಗಿ ಕೇಳುವೆನೆಂದು ರೈಲು ಹತ್ತಿದನು. ದೈವವು ಅವನನ್ನು ಹಾಸ್ಯ ಮಾಡಿತೋ ಏನೋ, ವಯೋಮಿಂಗ್ ಸೀಮೆಯಲ್ಲಿ ರೈಲೇ ಹಿಮದಲ್ಲಿ ಸಿಕ್ಕಿಕೊಂಡು ನಿಂತುಬಿಟ್ಟಿತು. ಉಳಿದ ಪ್ರಯಾಣಿಕರು ಡಬ್ಬಿಗಳಲ್ಲಿ ಕುಳಿತು ಕಾದರು. ಥಾಂಪ್ಸನ್ನನು ಕೆಳಗಿಳಿದು ನಡೆದನು. 35 ಮೈಲು ನಡೆದು ಲಾರಮಿ; ಅಲ್ಲಿಂದ ಮತ್ತೆ 56 ಮೈಲು ನಡೆದು ಶಯನ್. ಅಲ್ಲಿ ಬೇರೆ ರೈಲನ್ನು ಹಿಡಿದು ರಾಜಧಾನಿಯನ್ನು ಸೇರಿದನು. ಉಗಿಯಂತ್ರವನ್ನು ಕಾಲ್ನಡಿಗೆಯಿಂದ ಸೋಲಿಸಿದನೆಂದು ಪತ್ರಿಕೆಗಳು ಹೊಗಳಿದವು. ಕಚೇರಿಗಳಲ್ಲಿ ಅವನನ್ನು ಗೌರವದಿಂದ ಮಾತನಾಡಿಸಿದರು, ಭರವಸೆಗಳನ್ನು ಕೊಟ್ಟರು. ಭರವಸೆಗಳನ್ನು ಗಂಟು ಕಟ್ಟಿಕೊಂಡು ಅವನು ಊರಿಗೆ ಮರಳಿದನು. ಒಂದು ಡಾಲರೂ ಬರಲಿಲ್ಲ.

ಒಂದು ಸಂಗತಿಯನ್ನು ಇಲ್ಲಿ ಗಮನಿಸಬೇಕು. ಗುತ್ತಿಗೆದಾರ ಚಾರ್ಪೆನಿಂಗನೂ ಸರಕಾರದಿಂದ ತನಗೆ ಹಣ ಬರಬೇಕೆಂದು ವರ್ಷಗಟ್ಟಲೆ ಹೋರಾಡಿದನು. ಅವನ ಕೈಯಲ್ಲಿ ಒಪ್ಪಂದದ ಪತ್ರಗಳಿದ್ದವು. ಆದುದರಿಂದ ಒಂದು ಹಂತದಲ್ಲಿ ಟಪಾಲು ಇಲಾಖೆಯು ಅವನಿಗೆ 4 ಲಕ್ಷ ಡಾಲರುಗಳಿಗೂ ಮಿಕ್ಕ ಮೊತ್ತವನ್ನು ಮಂಜೂರು ಮಾಡಿತು. 1871ರಲ್ಲಿ ಕಾಂಗ್ರೆಸ್ಸು ಅದನ್ನು ರದ್ದುಪಡಿಸಿತೆಂಬುದು ಬೇರೆ ಮಾತು. ಪತ್ರವಿದ್ದವನ ತಕರಾರನ್ನು ಒಮ್ಮೆಯಾದರೂ ತಕ್ಕಡಿಯಲ್ಲಿಟ್ಟು ತೂಗಿದರು. ಬೆನ್ನಿನ ಮೇಲೆ ಚೀಲ ಹೊತ್ತವನ ತಕರಾರಿಗೆ ಭರವಸೆಯೇ ಉತ್ತರವಾಯಿತು.

ಕೊನೆಯ ಬಿತ್ತನೆ

1876ರ ವಸಂತದಲ್ಲಿ ಥಾಂಪ್ಸನ್ನನು ತನ್ನ ಹೊಲದಲ್ಲಿ ಬಿತ್ತನೆ ಮಾಡುತ್ತಿರುವಾಗ ಹೊಟ್ಟೆಯ ಬೇನೆಗೆ ಒಳಗಾದನು. ನಿಲ್ಲಲು ಶಕ್ತಿಯಿಲ್ಲದಾಗ ಕುದುರೆಯ ಮೇಲೆ ಕುಳಿತು ಬೀಜವನ್ನು ಚೆಲ್ಲಿದನು. ಬಿತ್ತನೆಯನ್ನು ಮಾತ್ರ ಬಿಡಲಿಲ್ಲ. ಕೆಲವೇ ದಿನಗಳಲ್ಲಿ ಹಾಸಿಗೆ ಹಿಡಿದು, ಮೇ 15ರಂದು ತೀರಿಕೊಂಡನು. ಆಗ ಅವನ ವಯಸ್ಸು 49. ಕರುಳಿನ ಬಾವು, ಅದರ ಮೇಲೆ ಶ್ವಾಸಕೋಶದ ಜ್ವರ, ಸಾವಿಗೆ ಕಾರಣವೆಂದು ಹೇಳುತ್ತಾರೆ. ಯಾವ ಊರಿಗೆ ಅವನು ಟಪಾಲನ್ನು ತರುತ್ತಿದ್ದನೋ ಆ ಜೆನೋವಾದಲ್ಲಿಯೇ ಅವನನ್ನು ಮಣ್ಣು ಮಾಡಿದರು. ಎರಡು ವರ್ಷಗಳ ಮೇಲೆ, 1878ರಲ್ಲಿ, ಹನ್ನೊಂದು ವರ್ಷದ ಮಗ ಆರ್ಥರನೂ ತೀರಿಹೋಗಿ ತಂದೆಯ ಪಕ್ಕದಲ್ಲಿ ಮಲಗಿದನು.

ವಿಧವೆಯಾದ ಆಗ್ನೆಸಳು 1885ರಲ್ಲಿ ಗಂಡನ ಸಮಾಧಿಗೆ ಒಂದು ಬಿಳಿಯ ಕಲ್ಲನ್ನು ನಿಲ್ಲಿಸಿದಳು. ಅದರ ಮೇಲೆ ಒಂದರ ಮೇಲೊಂದು ಅಡ್ಡವಾಗಿಟ್ಟ ಎರಡು ಸ್ಕೀಗಳನ್ನು ಕೆತ್ತಲಾಗಿದೆ. ಆದರೆ ಕಲ್ಲು ಕೆತ್ತಿದವನು ಥಾಂಪ್ಸನ್ ಎಂಬ ಹೆಸರಿನೊಳಗಿನ ಪಕಾರವನ್ನು ಬಿಟ್ಟುಬಿಟ್ಟಿದ್ದಾನೆ. ಬಂದ ದೇಶದಲ್ಲಿ ಒಮ್ಮೆ ಬದಲಾದ ಹೆಸರು ಕೊನೆಯ ಕಲ್ಲಿನ ಮೇಲೆಯೂ ಸರಿಯಾಗಿ ನಿಲ್ಲಲಿಲ್ಲ.

ಅವನ ಗೌರವಾರ್ಥವಾಗಿ ಜೆನೋವಾದಲ್ಲಿ ಇಂದು ಪ್ರತಿಮೆಯಿದೆ. ಕ್ಯಾಲಿಫೋರ್ನಿಯದಲ್ಲಿ ಸ್ಕೀ ವಿದ್ಯೆಯ ಮೂಲಪುರುಷನೆಂದು ಅವನನ್ನು ಸ್ಮರಿಸುತ್ತಾರೆ. ಅವನು ಪ್ರಾಣವನ್ನು ಪಣಕ್ಕಿಟ್ಟು ಜಾರಿದ ಇಳಿಜಾರುಗಳ ಸಮೀಪದಲ್ಲಿಯೇ ಈಗ ಶ್ರೀಮಂತರು ಟಿಕೇಟು ಕೊಂಡು ವಿನೋದಕ್ಕಾಗಿ ಜಾರುತ್ತಾರೆ. ಇದೆಲ್ಲವೂ ಸರಿಯೇ. ಆದರೆ ಅವನು ಕೇಳಿದ್ದು ಪ್ರತಿಮೆಯನ್ನಲ್ಲ.

ಥಾಂಪ್ಸನ್ನನ ಜೀವನದಿಂದ ನಾವು ಎರಡು ಪಾಠಗಳನ್ನು ಕಲಿಯಬಹುದು. ಒಂದು, ಕಾದು ಕುಳಿತವನ ಕೈಗೆ ಕಾಗದವನ್ನು ಮುಟ್ಟಿಸುವ ಕೆಲಸವು ಚಿಕ್ಕದಲ್ಲ. ಯಾರು ನೋಡದಿದ್ದರೂ ಅದನ್ನು ನಿಷ್ಠೆಯಿಂದ ಮಾಡಿದವನು ದೊಡ್ಡವನೇ. ಎರಡನೆಯದು ಇನ್ನೂ ಮುಖ್ಯವಾದುದು. ದುಡಿಯುವವನ ನಿಷ್ಠೆಯನ್ನು ನಂಬಿ ಅವನ ಲೆಕ್ಕವನ್ನು ನಾಳೆಗೆ ದೂಡುವುದು ಸುಲಭ. ಆ ನಾಳೆಯು ಅವನ ಸಾವಿನ ತನಕವೂ ಬರದೆ ಹೋಗಬಹುದು. ಬಾಯಿಮಾತಿನ ಮೇಲೆ ದುಡಿಯುವ ಮಾಣಿಯೂ, ತಿಂಗಳ ಪಗಾರವನ್ನು ಬರೆಸಿಕೊಳ್ಳಲು ಸಂಕೋಚಪಡುವ ಗುಮಾಸ್ತನೂ, ಗಲ್ಲೆಯ ಮೇಲೆ ಕುಳಿತ ಧಣಿಯೂ ಸಮನಾಗಿ ನೆನಪಿಡಬೇಕಾದ ಮಾತಿದು. ದುಡಿದವನ ಹೆಸರನ್ನು ಕಲ್ಲಿನ ಮೇಲೆ ಕೊರೆಯಿಸುವುದಕ್ಕೆ ಮುಂಚೆ ಅವನ ಲೆಕ್ಕವನ್ನು ಪುಸ್ತಕದಲ್ಲಿ ಬರೆದು ತೀರಿಸುವುದು ಲೇಸು.